ಹಿಮ್ಮೇಳದ ಕೀಲಿ ಹಿಮ್ಮಡಿಯಲ್ಲಿ

ಕೊರಳಿಗೆ ಗಿಟಾರು ತೂಗುಹಾಕಿಕೊಂಡು ಒಬ್ಬರೇ ಹಾಡುತ್ತಿರುತ್ತಾರೆ. ಪಲ್ಲವಿಯ ಕೊನೆಯ ಸಾಲು ಬಂದಾಗ ಆ ಒಂದು ದನಿಯ ಆಚೀಚೆ ಇನ್ನೆರಡು ದನಿಗಳು ಎದ್ದು ನಿಲ್ಲುತ್ತವೆ. ಸಾಲು ಮುಗಿಯುತ್ತಿದ್ದಂತೆ ಇಲ್ಲವಾಗುತ್ತವೆ. ವೇದಿಕೆಯ ಮೇಲೆ ಬೇರೆ ಗಾಯಕರಿಲ್ಲ. ಕೇಳುಗರ ಕಣ್ಣು ಹಾಡುವವರ ಮುಖದ ಮೇಲೋ ಬೆರಳುಗಳ ಮೇಲೋ ನೆಟ್ಟಿರುತ್ತದೆ, ಆದರೆ ಆ ಹೊತ್ತಿನ ಸಂಗೀತದ ತೀರ್ಮಾನ ಆಗಿರುವುದು ಕೆಳಗೆ, ಪಾದದ ಬಳಿ. ಹಾರ್ಮೊನೈಸರ್ ಎಂಬ ಯಂತ್ರದ ಮಾತು ಬಂದಾಗಲೆಲ್ಲ ಅದು ಎಷ್ಟು ದನಿ ಹುಟ್ಟಿಸುತ್ತದೆ, ಎಷ್ಟು ಸಹಜವಾಗಿ ಕೇಳುತ್ತದೆ, ಬೆಲೆ ಎಷ್ಟು ಎಂಬುದೇ ಚರ್ಚೆ. ಅದಕ್ಕೆ ಜೋಡಿಸುವ ಪೆಡಲನ್ನು ವಯರು, ಸ್ಟ್ಯಾಂಡುಗಳ ಸಾಲಿಗೆ ಸೇರಿಸಿ ಮರೆತುಬಿಡುತ್ತೇವೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಯಾವ ಸ್ವರಕ್ಕೆ ಯಾವ ಸ್ವರ ಜೊತೆಯಾಗಬೇಕು ಎಂಬುದನ್ನು ಯಂತ್ರಕ್ಕೆ ಕಲಿಸಬಹುದು, ಕಲಿಸಿಯೂ ಆಗಿದೆ. ಯಾವಾಗ ಜೊತೆಯಾಗಬೇಕು, ಅದಕ್ಕಿಂತ ಹೆಚ್ಚಾಗಿ ಯಾವಾಗ ಸುಮ್ಮನಾಗಬೇಕು ಎಂಬುದು ಮಾತ್ರ ಹಾಡುವವರ ಮನಸ್ಸಿನಲ್ಲಿರುವ ಸಂಗತಿ. ಕೈಗಳೆರಡೂ ವಾದ್ಯದ ಮೇಲೆ, ಬಾಯಿ ಹಾಡಿನಲ್ಲಿ. ಮನಸ್ಸಿನ ಮಾತನ್ನು ಯಂತ್ರಕ್ಕೆ ಮುಟ್ಟಿಸಲು ಉಳಿದಿರುವುದು ಕಾಲು ಒಂದೇ.

ಹಾರ್ಮೊನೈಸರ್ ಮೊದಲು ನೆಲೆಯೂರಿದ್ದು ವೇದಿಕೆಯಲ್ಲಲ್ಲ. ಅಮೆರಿಕದ ಈವೆಂಟೈಡ್ ಸಂಸ್ಥೆ 1975ರಲ್ಲಿ ಎಚ್910 ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಹಾರ್ಮೊನೈಸರ್ ಎಂಬ ಹೆಸರು ಆ ಸಂಸ್ಥೆಯದೇ ಟ್ರೇಡ್‌ಮಾರ್ಕ್. ಟೇಪು ವೇಗವಾಗಿ ಓಡಿದರೆ ದನಿ ಕೀಚಲಾಗುತ್ತದೆ, ನಿಧಾನವಾದರೆ ಗಡಸಾಗುತ್ತದೆ, ಎರಡರಲ್ಲೂ ಹಾಡಿನ ಅವಧಿ ಏರುಪೇರಾಗುತ್ತದೆ ಎಂಬುದು ಕ್ಯಾಸೆಟ್ಟಿನ ಕಾಲದವರಿಗೆಲ್ಲ ಗೊತ್ತು. ಅವಧಿಯನ್ನು ಮುಟ್ಟದೆ ಶ್ರುತಿಯನ್ನು ಮಾತ್ರ ಏರಿಸುವುದು, ಇಳಿಸುವುದು ಎಚ್910ರ ಹೊಸತನ. ಒಳಬಂದ ಧ್ವನಿಯನ್ನು ಅದು ಅಂಕಿಗಳಾಗಿ ಬರೆದಿಟ್ಟುಕೊಂಡು, ಬರೆದ ವೇಗಕ್ಕಿಂತ ಬೇರೆ ವೇಗದಲ್ಲಿ ಓದಿ, ಕಡಿಮೆ ಬಿದ್ದಲ್ಲಿ ತುಂಬಿ, ಹೆಚ್ಚಾದಲ್ಲಿ ಕತ್ತರಿಸಿ ಹೊಲಿಯುತ್ತಿತ್ತು. ಅದನ್ನು ಮೊದಮೊದಲು ಕೊಂಡವರಲ್ಲಿ ನ್ಯೂಯಾರ್ಕಿನ ಒಂದು ಟಿವಿ ಕೇಂದ್ರವೂ ಸೇರಿತ್ತು. ಜಾಹೀರಾತಿಗೆ ಜಾಗ ಮಾಡಿಕೊಳ್ಳಲು ಹಳೆಯ ಧಾರಾವಾಹಿಗಳನ್ನು ತುಸು ವೇಗವಾಗಿ ಓಡಿಸಿದಾಗ ಏರಿಬಿಡುತ್ತಿದ್ದ ನಟನಟಿಯರ ದನಿಯನ್ನು ಮರಳಿ ಕೆಳಗಿಳಿಸುವುದು ಅಲ್ಲಿ ಅದರ ಕೆಲಸ. 1977ರಲ್ಲಿ ಬಂದ ಡೇವಿಡ್ ಬೋವಿಯ ‘ಲೋ’ ಆಲ್ಬಮ್ಮಿನಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಇದನ್ನೇ ಸ್ನೇರ್ ಡ್ರಮ್ಮಿಗೆ ಹಚ್ಚಿ, ಪೆಟ್ಟು ಬಿದ್ದೊಡನೆ ಜಾರಿ ಇಳಿಯುವ ವಿಚಿತ್ರ ನಾದ ತೆಗೆದರು. ಇವೆಲ್ಲ ಕೋಣೆಯೊಳಗಿನ ಕೆಲಸಗಳು. ಕೈ ಗುಂಡಿಯ ಮೇಲಿರುತ್ತಿತ್ತು, ತಪ್ಪಿದರೆ ಮತ್ತೊಮ್ಮೆ ಮಾಡಬಹುದಿತ್ತು. ವೇದಿಕೆಯಲ್ಲಿ ಮತ್ತೊಮ್ಮೆ ಎಂಬುದಿಲ್ಲ.

ಇಂಥ ಯಂತ್ರಕ್ಕೆ ಒಂದು ಹುಟ್ಟುದೋಷವಿತ್ತು. ಹೇಳಿದಷ್ಟು ಮೆಟ್ಟಿಲು ಏರುವುದಷ್ಟೇ ಅದಕ್ಕೆ ಗೊತ್ತು, ಎಲ್ಲಿಗೆ ಏರಿದೆ ಎಂಬುದು ಗೊತ್ತಿಲ್ಲ. ನಮ್ಮ ಸ್ವರಗಳಲ್ಲೇ ಇದನ್ನು ನೋಡೋಣ. ಸ್ಥಾಯಿಯ 12 ಸ್ವರಸ್ಥಾನಗಳನ್ನು 12 ಮೆಟ್ಟಿಲುಗಳೆಂದುಕೊಳ್ಳಿ. ಶಂಕರಾಭರಣದಲ್ಲಿ ಹಾಡುವವರಿಗೆ ಒಂದು ಸ್ವರ ಬಿಟ್ಟು ಮೇಲಿನ ಸ್ವರವನ್ನು ಜೊತೆಗೂಡಿಸಬೇಕು. ಷಡ್ಜದಿಂದ 4 ಮೆಟ್ಟಿಲು ಏರಿದರೆ ಅಂತರ ಗಾಂಧಾರ ಸಿಗುತ್ತದೆ, ಸರಿಹೊಂದುತ್ತದೆ. ಚತುಶ್ರುತಿ ರಿಷಭದಿಂದಲೂ ಅದೇ 4 ಮೆಟ್ಟಿಲು ಏರಿದರೆ ಶುದ್ಧ ಮಧ್ಯಮವನ್ನು ದಾಟಿ ಪ್ರತಿ ಮಧ್ಯಮಕ್ಕೆ ಹೋಗಿ ನಿಲ್ಲುತ್ತದೆ. ಶಂಕರಾಭರಣದೊಳಕ್ಕೆ ಕಲ್ಯಾಣಿ ನುಗ್ಗಿದ ಹಾಗೆ. ಸರಿಯಾಗಿ ಬರಬೇಕಾದರೆ ಸ, ಮ, ಪ ಹಾಡಿದಾಗ 4 ಮೆಟ್ಟಿಲು, ರಿ, ಗ, ದ, ನಿ ಹಾಡಿದಾಗ 3 ಮೆಟ್ಟಿಲು ಏರಬೇಕು. ಅಂದರೆ ಯಂತ್ರಕ್ಕೆ ಮೊದಲು ಹಾಡಿದ ಸ್ವರ ಯಾವುದೆಂದು ತಿಳಿಯಬೇಕು, ಆಮೇಲೆ ಷಡ್ಜ ಎಲ್ಲಿದೆ, ಸ್ವರಪಟ್ಟಿ ಯಾವುದು ಎಂಬುದು ತಿಳಿದಿರಬೇಕು. 1980ರ ದಶಕದ ಕೊನೆಯ ಹೊತ್ತಿಗೆ ಈವೆಂಟೈಡ್‌ನ ಎಚ್3000ದಂಥ ಯಂತ್ರಗಳಿಗೆ ಈ ವಿದ್ಯೆ ಬಂತು. ಇಂದು ಅಂಗೈಯಗಲದ ಪೆಟ್ಟಿಗೆಗಳಿಗೂ ಇದು ಬರುತ್ತದೆ. ಗಾಯಕರಿಗಾಗಿಯೇ ಮಾಡಿದ ಕೆಲವು ಯಂತ್ರಗಳಂತೂ ಗಿಟಾರಿನ ತಂತಿಯನ್ನೂ ಒಳಕ್ಕೆ ತೆಗೆದುಕೊಂಡು, ಬೆರಳು ಯಾವ ಕಾರ್ಡ್ ಹಿಡಿದಿದೆ ಎಂದು ಓದಿ, ಅದಕ್ಕೆ ಹೊಂದುವ ದನಿಗಳನ್ನು ತಾವೇ ಆರಿಸಿಕೊಳ್ಳುತ್ತವೆ.

ಇಷ್ಟಾದ ಮೇಲೆ ಕಾಲಿಗೇನು ಕೆಲಸ ಎಂದು ಕೇಳಬಹುದು. ಉತ್ತರ 1989ರಲ್ಲಿ ಬಂದ ಒಂದು ಕೆಂಪು ಪೆಡಲಿನಲ್ಲಿದೆ. ಡಿಜಿಟೆಕ್ ಸಂಸ್ಥೆಯ ವ್ಯಾಮಿ ಎಂಬ ಆ ಪೆಡಲು ಹೊಲಿಗೆ ಯಂತ್ರದ ಕಾಲ್ಮಣೆಯಂತೆ ಹಿಂದೆಮುಂದೆ ವಾಲುತ್ತದೆ. ಹಿಮ್ಮಡಿ ಕೆಳಗಿದ್ದಾಗ ಗಿಟಾರಿನ ಸ್ವರ ಇದ್ದಲ್ಲೇ ಇರುತ್ತದೆ. ಮುಂಗಾಲು ಒತ್ತುತ್ತ ಹೋದರೆ ಒಂದು ಸ್ಥಾಯಿ, ಬೇಕೆಂದರೆ ಎರಡು ಸ್ಥಾಯಿ ಮೇಲಕ್ಕೆ ಜಾರುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1994ರ ‘ಮರೂನ್ಡ್’ ಎಂಬ ವಾದ್ಯಕೃತಿಯಲ್ಲಿ ಸ್ವರವನ್ನು ಆಕಾಶಕ್ಕೆ ಎಸೆದದ್ದು ಹೀಗೆ. ವೈಟ್ ಸ್ಟ್ರೈಪ್ಸ್ ಎಂಬ ಇಬ್ಬರೇ ಇಬ್ಬರ ತಂಡದಲ್ಲಿ ಬೇಸ್ ಗಿಟಾರು ನುಡಿಸುವವರಿರಲಿಲ್ಲ. 2003ರ ‘ಸೆವೆನ್ ನೇಷನ್ ಆರ್ಮಿ’ಯಲ್ಲಿ ಬೇಸ್ ಎಂದು ಜಗತ್ತೆಲ್ಲ ತಿಳಿದ ಸಾಲು ಜ್ಯಾಕ್ ವೈಟ್ ತಮ್ಮ ಗಿಟಾರನ್ನು ಇದೇ ಬಗೆಯ ಪೆಡಲಿನಿಂದ ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದ್ದು. ಆದರೆ ನನ್ನ ವಾದಕ್ಕೆ ಬೇಕಾದದ್ದು ಆ ಪೆಡಲಿನಲ್ಲಿ ಹೆಚ್ಚು ಜನ ಮುಟ್ಟದ ಇನ್ನೊಂದು ಬದಿ. ಅಲ್ಲಿ ಮೂಲ ಸ್ವರ ಹಾಗೇ ಉಳಿದು ಅದರ ಜೊತೆಗೆ ಎರಡನೆಯದು ಕೇಳುತ್ತದೆ, ಒಂದು ಜೋಡಣೆಯಲ್ಲಿ ಹಿಮ್ಮಡಿ ಒತ್ತಿದರೆ 3 ಮೆಟ್ಟಿಲು ಮೇಲಿನ ಸ್ವರ, ಮುಂಗಾಲು ಒತ್ತಿದರೆ 4 ಮೆಟ್ಟಿಲು ಮೇಲಿನದು. ಸ್ವರಪಟ್ಟಿಯ ಗಂಧವೇ ಇಲ್ಲದ ಯಂತ್ರ ಅದು. ಆದರೂ ಸ, ಮ, ಪಗಳಿಗೆ ಮುಂಗಾಲು, ರಿ, ಗ, ದ, ನಿಗಳಿಗೆ ಹಿಮ್ಮಡಿ ಎಂದು ಅಭ್ಯಾಸ ಮಾಡಿಕೊಂಡವರು ಅದರಿಂದ ತಪ್ಪಿಲ್ಲದ ಶಂಕರಾಭರಣದ ಜೋಡಿಸ್ವರ ತೆಗೆಯಬಲ್ಲರು. ಯಂತ್ರಕ್ಕೆ ಇಲ್ಲದ ಬುದ್ಧಿಯನ್ನು ಪಾದ ಒದಗಿಸಿತು. ನಿಧಾನಗತಿಯ ಸಾಲುಗಳಲ್ಲಿ ಇದು ಸಾಧ್ಯ, ದುರಿತದಲ್ಲಿ ಕಷ್ಟ. ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಪಾದಕ್ಕೆ ಈ ಜವಾಬ್ದಾರಿ ಹೊಸದೂ ಅಲ್ಲ. 1712ರಲ್ಲಿ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನ ಆರ್ಗನ್ನಿಗೆ ಏಬ್ರಹಾಂ ಜೋರ್ಡನ್ ಒಂದು ಪೆಟ್ಟಿಗೆ ಕೂಡಿಸಿದರು: ಕೊಳವೆಗಳು ಅದರೊಳಗೆ, ಅದರ ಮುಚ್ಚಳ ತೆರೆಯುವುದು ಕಾಲಿನಿಂದ. ನಾದ ಉಬ್ಬುವುದು, ತಗ್ಗುವುದು ಅಂದಿನಿಂದ ಆರ್ಗನ್ ನುಡಿಸುವವರ ಪಾದಕ್ಕೆ ಸೇರಿತು. ವಿದ್ಯುತ್ ಆರ್ಗನ್ನು ಬಂದಾಗ ಅದೇ ಕೆಲಸಕ್ಕೆ ವಾಲುವ ವಾಲ್ಯೂಮ್ ಪೆಡಲು ಬಂತು. 1967ರಲ್ಲಿ ಮಾರುಕಟ್ಟೆಗೆ ಬಂದ ವಾಕ್ಸ್ ಸಂಸ್ಥೆಯ ವಾ ಪೆಡಲು ರೂಪುಗೊಂಡದ್ದು ಅಂಥ ಆರ್ಗನ್ ಪೆಡಲಿನ ಕವಚದೊಳಗೆ. ಅದೇ ಕಾಲ್ಮಣೆಯ ಮುಂದಿನ ಪೀಳಿಗೆ ವ್ಯಾಮಿ. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕೂಡ ಇದೇ ತರ್ಕದ ಮೇಲೆ ನಿಂತದ್ದು. ಕೈಪೆಟ್ಟಿಗೆಯಲ್ಲಿ ಒಂದು ಕೈ ತಿದಿ ಒತ್ತುವುದರಲ್ಲೇ ಮುಗಿದುಹೋಗುತ್ತದೆ. ಉಸಿರಿನ ಕೆಲಸವನ್ನು ಕಾಲುಗಳಿಗೆ ಒಪ್ಪಿಸಿದಾಗ ಪೆಟ್ಟಿಗೆ ಮಾಸ್ತರರ ಎರಡೂ ಕೈಗಳು ಸ್ವರಗಳಿಗೆ ಬಿಡುವಾದವು. ಸ್ವರ ಕೈಯದು, ಉಸಿರು ಕಾಲಿನದು. ಹಾರ್ಮೊನೈಸರಿನ ಪೆಡಲಿಗೂ ಈ ಹಂಚಿಕೆಯೇ ಹೊಂದುತ್ತದೆ ಎಂಬುದಕ್ಕೆ ಕಾರಣಗಳು ಯಂತ್ರದ ಒಳಗೇ ಇವೆ.

ಮೊದಲ ಕಾರಣ, ಸ್ವರವಿಲ್ಲದ ಸದ್ದುಗಳು. ಸ, ಶ, ಷ ಉಚ್ಚರಿಸುವಾಗ ಗಂಟಲ ತಂತುಗಳು ಕಂಪಿಸುವುದಿಲ್ಲ. ಬರುವುದು ಬರೀ ಗಾಳಿಯ ಸುಯ್ಲು. ಅದಕ್ಕೆ ಶ್ರುತಿ ಇಲ್ಲ, ಯಂತ್ರ ಶ್ರುತಿ ಹುಡುಕುತ್ತದೆ, ಸಿಗದೆ ತಡವರಿಸುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಪಕ್ಕದ ಡ್ರಮ್ಮಿನ ಸದ್ದು ಅದೇ ಮೈಕಿನೊಳಕ್ಕೆ ಸೋರುತ್ತದೆ. ಯಂತ್ರ ಸಿಂಬಲ್ಲಿನ ಪೆಟ್ಟಿಗೂ ನಿಷ್ಠೆಯಿಂದ ಜೋಡಿಸ್ವರ ಕಟ್ಟಲು ಹೊರಟು ಗೊಗ್ಗರು ದನಿ ಹೊರಡಿಸುತ್ತದೆ. ಎರಡನೆಯದು, ಹೊತ್ತಿನ ಲೆಕ್ಕ. ಸ್ವರ ಯಾವುದೆಂದು ಗುರುತಿಸಲು ಅದರ ಕಂಪನದ ಒಂದೆರಡು ಸುತ್ತಾದರೂ ಕೇಳಿಸಿಕೊಳ್ಳಬೇಕು. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಒಂದು ಸುತ್ತಿಗೇ 12 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 100 ಕಂಪನದ ತಗ್ಗು ಗಂಡುದನಿಯಲ್ಲಿ ಎರಡು ಸುತ್ತು ಎಂದರೆ 20 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಹೆಚ್ಚುಕಡಿಮೆ 7 ಮೀಟರು ಸಾಗುತ್ತದೆ. ಹೀಗೆ ಹುಟ್ಟಿದ ಜೊತೆದನಿ ಗಾಯಕರ ಪಕ್ಕದಲ್ಲಿಲ್ಲ, ಏಳು ಮೀಟರು ಹಿಂದೆ ನಿಂತು ಹಾಡುತ್ತಿದೆ. ನೀಳವಾಗಿ ಎಳೆದ ಸ್ವರದಲ್ಲಿ ಇದು ಗೊತ್ತಾಗುವುದಿಲ್ಲ. ಚುರುಕಾಗಿ ಉದುರಿಸುವ ಮಾತುಗಳಲ್ಲಿ ಅಂಚು ಮಸುಕಾಗುತ್ತದೆ. ಹಾಗಾಗಿ ಯಂತ್ರ ಚೆನ್ನಾಗಿ ಕೇಳುವ ಜಾಗ ಸಾಲಿನ ಕೊನೆಯ ದೀರ್ಘ ಸ್ವರ, ಕೆಡುವ ಜಾಗ ಒತ್ತಕ್ಷರಗಳ ಗುಂಪು. ಕನ್ನಡಕ್ಕೆ ಇಲ್ಲೊಂದು ವರವಿದೆ. ನಮ್ಮ ಪದಗಳು ಹೆಚ್ಚೂಕಡಿಮೆ ಎಲ್ಲವೂ ಸ್ವರಾಕ್ಷರದಲ್ಲೇ ಕೊನೆಗೊಳ್ಳುತ್ತವೆ. ಬಸ್ಸು, ಕಾರು, ಪೆಡಲು ಎಂದು ಪರಭಾಷೆಯ ಮಾತಿಗೂ ಉಕಾರ ಹಚ್ಚಿ ಬಾಯಿ ತೆರೆದೇ ನಿಲ್ಲಿಸುತ್ತೇವೆ. ಕನ್ನಡ ಹಾಡಿನ ಸಾಲುಗಳ ತುದಿಯಲ್ಲಿ ಪೆಡಲು ಒತ್ತಲು ಹದವಾದ ಜಾಗ ಸಾಲುಸಾಲಿಗೂ ಸಿಗುತ್ತದೆ.

ಪೆಡಲಿನ ಬಗೆಯ ಬಗ್ಗೆಯೂ ನನಗೊಂದು ಖಚಿತ ಅಭಿಪ್ರಾಯವಿದೆ. ಕಾಲುಸ್ವಿಚ್ಚುಗಳಲ್ಲಿ ಎರಡು ಜಾತಿ. ಒಂದು ಮನೆಯ ದೀಪದ ಸ್ವಿಚ್ಚಿನಂಥದು: ಒಮ್ಮೆ ಒತ್ತಿದರೆ ಹತ್ತುತ್ತದೆ, ಇನ್ನೊಮ್ಮೆ ಒತ್ತುವವರೆಗೆ ಆರುವುದಿಲ್ಲ. ಇನ್ನೊಂದು ಕಾಲಿಂಗ್ ಬೆಲ್ಲಿನಂಥದು: ಒತ್ತಿದಷ್ಟು ಹೊತ್ತು ಮಾತ್ರ. ಬಹಳ ಯಂತ್ರಗಳಲ್ಲಿ ಇವೆರಡರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಬಹಳ ಜನ ದೀಪದ ಸ್ವಿಚ್ಚನ್ನೇ ಉಳಿಸಿಕೊಳ್ಳುತ್ತಾರೆ. ಹಾರ್ಮೊನೈಸರಿಗೆ ಮಾತ್ರ ಕಾಲಿಂಗ್ ಬೆಲ್ಲೇ ಸರಿ. ದೀಪದ ಸ್ವಿಚ್ಚಿನಲ್ಲಿ ಜೊತೆದನಿಯನ್ನು ನಿಲ್ಲಿಸಲು ಮತ್ತೊಂದು ಕೆಲಸ ಮಾಡಬೇಕು, ಹೊತ್ತು ನೆನಪಿಟ್ಟುಕೊಂಡು ಮಾಡಬೇಕು. ಮರೆತರೆ ಮುಂದಿನ ಚರಣದ ಮೊದಲ ಮಾತಿಗೂ ಕೋರಸ್ಸು ಅಂಟಿಕೊಳ್ಳುತ್ತದೆ. ಒತ್ತಿ ಹಿಡಿಯುವ ಪೆಡಲಿನಲ್ಲಿ ಸುಮ್ಮನಿರುವುದು ಸಹಜ ಸ್ಥಿತಿ, ದನಿ ಕೂಡುವುದು ಶ್ರಮ. ಸಾಲು ಮುಗಿದು ಉಸಿರು ಬಿಡುವಾಗ ಮೈ ಸಡಿಲವಾಗುತ್ತದೆ, ಕಾಲೂ ಅದರೊಂದಿಗೆ ಏಳುತ್ತದೆ. ಇದರ ಜೊತೆಗೆ ವಾಲುವ ಪೆಡಲೊಂದಿದ್ದರೆ ಎಷ್ಟು ಎಂಬುದನ್ನೂ ಕಾಲಿಗೆ ಕೊಡಬಹುದು. 1983ರಲ್ಲಿ ಬಂದ ಮಿಡಿ ಎಂಬ ವಾದ್ಯಗಳ ಸಂಕೇತಭಾಷೆ ಇಂಥ ಪೆಡಲಿನ ವಾಲನ್ನು 0ರಿಂದ 127ರವರೆಗಿನ ಅಂಕಿಯಾಗಿ ಕಳಿಸುತ್ತದೆ. ಅಷ್ಟು ನಯವಾದ ಇಳಿಜಾರಿನಲ್ಲಿ ಜೊತೆದನಿ ಬಾಗಿಲು ತಳ್ಳಿಕೊಂಡು ಬರುವುದಿಲ್ಲ, ಹಿಂದಿನಿಂದ ಮೆಲ್ಲನೆ ಬಂದು ಕೂಡುತ್ತದೆ.

ಕಾಲು ಒರಟು ಅಂಗ, ಸೂಕ್ಷ್ಮದ ಕೆಲಸ ಅದಕ್ಕೆ ಹೇಳಬಾರದು ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವಿದೆ. ಮಿದುಳಿನಲ್ಲಿ ಬೆರಳುಗಳ ಚಲನೆಗೆ ಮೀಸಲಾದ ಜಾಗ ಪಾದಕ್ಕಿರುವುದಕ್ಕಿಂತ ಬಹಳ ದೊಡ್ಡದು. ಮಿದುಳಿನ ಆಜ್ಞೆ ಪಾದ ಮುಟ್ಟಲು ಬೆರಳಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಎಂಟು ಹತ್ತು ಪೆಡಲುಗಳ ಹಲಗೆಯ ಮುಂದೆ ನಿಂತು, ಒಂದು ಹಾಡಿನೊಳಗೆ ನಾಲ್ಕಾರು ಕಡೆ ನೋಡಿ ನೋಡಿ ತುಳಿಯುವವರ ಹಾಡುಗಾರಿಕೆ ಹಾಳಾಗುವುದು ನಿಜ: ತಲೆ ಬಗ್ಗಿದಾಗ ಬಾಯಿ ಮೈಕಿನಿಂದ ಸರಿಯುತ್ತದೆ, ಮೈಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆದರೆ ಇದು ಕಾಲಿಗೆ ತಪ್ಪು ಕೆಲಸ ಕೊಟ್ಟದ್ದರ ಫಲ. ಹನ್ನೆರಡರಲ್ಲಿ ಒಂದನ್ನು ಆರಿಸು ಎಂದರೆ ಅದು ಸೋಲುತ್ತದೆ. ಈಗಲೋ ಆಮೇಲೋ, ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಗಡಿಯಾರದಂತೆ ಉತ್ತರಿಸುತ್ತದೆ. ಡ್ರಮ್ ನುಡಿಸುವವರ ಬೇಸ್ ಡ್ರಮ್ಮಿನ ಕಾಲು ಇಡೀ ತಂಡದ ಲಯವನ್ನೇ ಹೊತ್ತಿರುತ್ತದೆ. ತಾಳದ ಅರಿವು ನಮ್ಮಲ್ಲಿ ಕೈಗೆಷ್ಟಿದೆಯೋ ಕಾಲಿಗೂ ಅಷ್ಟೇ ಇದೆ; ಗೆಜ್ಜೆ ಕಟ್ಟುವುದು ಪಾದಕ್ಕೆ. ಹಾರ್ಮೊನೈಸರಿನ ಮುಂದೆ ಎರಡು ಪೆಡಲು ಸಾಕು, ಒಂದು ಒತ್ತಿ ಹಿಡಿಯಲು, ಒಂದು ವಾಲಿಸಲು. ಅವು ಯಾವಾಗಲೂ ಒಂದೇ ಜಾಗದಲ್ಲಿದ್ದರೆ ಕಣ್ಣಿನ ನೆರವು ಬೇಡ. ಷಡ್ಜ ಬದಲಿಸುವುದು, ಸ್ವರಪಟ್ಟಿ ಬದಲಿಸುವುದು ಮೊದಲಾದ ಕೆಲಸಗಳನ್ನು ಹಾಡು ಹಾಡುಗಳ ನಡುವೆ, ಬಗ್ಗಿ, ಕೈಯಿಂದಲೇ ಮಾಡಿಕೊಳ್ಳಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಲ್ಯಾಪ್‌ಟಾಪಿನ ಕಡೆಯಿಂದ ಬರುತ್ತದೆ. ಹಾಡಿನ ನಕ್ಷೆ ಮೊದಲೇ ಗೊತ್ತಿರುವಾಗ, ಇಷ್ಟನೇ ಸೆಕೆಂಡಿಗೆ ಜೊತೆದನಿ ಬರಲಿ, ಇಷ್ಟಕ್ಕೆ ಹೋಗಲಿ ಎಂದು ಬರೆದಿಟ್ಟರೆ ಯಾರೂ ಏನನ್ನೂ ತುಳಿಯಬೇಕಾಗಿಲ್ಲ. ದೊಡ್ಡ ಮೈದಾನಗಳ ಕಾರ್ಯಕ್ರಮಗಳಲ್ಲಿ ಬೆಳಕು, ಪರದೆ, ವಾದ್ಯ ಎಲ್ಲವೂ ಒಂದೇ ಗಡಿಯಾರಕ್ಕೆ ಕಟ್ಟಿಕೊಂಡು ಸಾಗುತ್ತವೆ. ಅಲ್ಲಿ ಇದು ನ್ಯಾಯವಾದ ದಾರಿ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ನೋಡಬೇಕು. ಕಿವಿಯಲ್ಲಿ ಟಿಕ್ ಟಿಕ್ ಕೇಳುತ್ತ ಹಾಡಬೇಕು, ಸಾಲನ್ನು ಇನ್ನೊಮ್ಮೆ ಹಾಡುವ ಆಸೆಯಾದರೂ ಹಾಡುವಂತಿಲ್ಲ, ತುದಿಯ ಸ್ವರವನ್ನು ಎರಡು ಆವರ್ತ ಹೆಚ್ಚು ಹಿಡಿಯುವಂತಿಲ್ಲ. ಸಭೆಯ ಒಲವು ನೋಡಿ ಹಾಡು ಬೆಳೆಯುವ ಜಾಗದಲ್ಲಿ ಆ ಬೆಲೆ ದುಬಾರಿ. ಹಾಗಾದರೆ ಕೆಲಸವನ್ನು ಎದುರು ಕುಳಿತ ಸೌಂಡ್ ಎಂಜಿನಿಯರಿಗೆ ಒಪ್ಪಿಸಬಾರದೇಕೆ? ಸಭಾಂಗಣದಲ್ಲಿ ಜೊತೆದನಿ ಎಷ್ಟು ದೊಡ್ಡದಾಗಿ ಕೇಳಬೇಕೆಂಬುದು ನಿಜವಾಗಿಯೂ ಅವರ ಅಧಿಕಾರ, ವೇದಿಕೆಯ ಮೇಲಿಂದ ಅದು ತಿಳಿಯುವುದೇ ಇಲ್ಲ. ಯಾವಾಗ ಎಂಬುದು ಮಾತ್ರ ಅವರಿಗೆ ಸದಾ ಒಂದು ಉಸಿರು ತಡ: ಸಾಲು ಮುಗಿದದ್ದು ಅವರಿಗೆ ಗೊತ್ತಾಗುವುದು ಮುಗಿದ ಮೇಲೆ. ಕೈಯ ಪರವಾಗಿ ಮಾತಾಡುವವರ ಬಳಿ ಒಳ್ಳೆಯ ಸಾಕ್ಷ್ಯವಿದೆ. ಇಮೊಜೆನ್ ಹೀಪ್ ಅವರ 2005ರ ‘ಹೈಡ್ ಅಂಡ್ ಸೀಕ್’ ಪೂರ್ತಿ ಒಬ್ಬರದೇ ದನಿ, ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳಿಗೆ ಹಾರ್ಮೊನೈಸರ್ ಆ ದನಿಯನ್ನು ಹಂಚಿ ಕಟ್ಟಿದ ಗಾಯನ. ಜೇಕಬ್ ಕಾಲಿಯರ್ ವೇದಿಕೆಯ ಮೇಲೆ ಕೀಲಿಮಣೆಯಿಂದಲೇ ತಮ್ಮ ದನಿಯ ಗುಂಪು ಕಟ್ಟುತ್ತಾರೆ. ಇಂಥ ಸೂಕ್ಷ್ಮ ಹೆಣಿಗೆ ಪೆಡಲಿಗೆ ಎಂದೂ ಎಟುಕದು. ಆದರೆ ಕೀಲಿಮಣೆಗೆ ಕೊಟ್ಟ ಕೈ ಗಿಟಾರಿಗೆ ಇಲ್ಲ, ವೀಣೆಗೆ ಇಲ್ಲ, ಪಿಟೀಲಿಗೆ ಇಲ್ಲ. ಕೈ ತುಂಬಿರುವ ಹಾಡುಗಾರರಿಗೆ ಉಳಿದದ್ದು ಮತ್ತೆ ಕಾಲೇ.

ಒಬ್ಬರ ದನಿಯನ್ನು ಮೂವರದೆಂದು ಕೇಳಿಸುವುದು ಮೋಸವಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೊದಲೇ ಧ್ವನಿಮುದ್ರಿಸಿಟ್ಟ ಕೋರಸ್ಸನ್ನು ಓಡಿಸಿ ಅದರ ಮೇಲೆ ಹಾಡುವುದಕ್ಕೂ ಇದಕ್ಕೂ ಇರುವ ಅಂತರವನ್ನು ಮಾತ್ರ ಗಮನಿಸಬೇಕು. ಮುದ್ರಿಸಿಟ್ಟ ದನಿ ಗಾಯಕರು ತಪ್ಪಿದರೂ ತಪ್ಪುವುದಿಲ್ಲ, ನಿಂತರೂ ನಿಲ್ಲುವುದಿಲ್ಲ. ಹಾರ್ಮೊನೈಸರ್ ಹಾಡಿದರೆ ಹಾಡುತ್ತದೆ, ಸುಮ್ಮನಾದರೆ ಸುಮ್ಮನಾಗುತ್ತದೆ; ನಿಗದಿತ ಮೆಟ್ಟಿಲು ಏರುವ ಜಾತಿಯದಾದರೆ ಹಾಡುವವರ ಅಪಶ್ರುತಿಯನ್ನೂ ಅಷ್ಟೇ ನಿಷ್ಠೆಯಿಂದ ಇಮ್ಮಡಿಸುತ್ತದೆ. ಅಮೆರಿಕದ ಕಲಾವಿದೆ ಲಾರಿ ಆಂಡರ್ಸನ್ ತಮ್ಮ ದನಿಯನ್ನು ಯಂತ್ರದಿಂದ ತಗ್ಗಿಸಿ, ಅಧಿಕಾರವಾಣಿಯ ಗಂಡುಪಾತ್ರವೊಂದನ್ನು ದಶಕಗಳ ಕಾಲ ವೇದಿಕೆಯ ಮೇಲೆ ಆಡಿಸಿದ್ದಾರೆ. ಅದು ಯಾರಿಗೂ ಮೋಸವೆನಿಸಲಿಲ್ಲ, ದನಿ ಬದಲಾಗುವುದು ಎಲ್ಲರ ಕಿವಿಯೆದುರೇ ನಡೆಯುತ್ತಿತ್ತು. ಪೆಡಲಿಗೂ ಆ ಪ್ರಾಮಾಣಿಕತೆ ಇದೆ. ಮುಂದಿನ ಸಾಲಿನಲ್ಲಿ ಕುಳಿತವರು ಕಾಲು ಏಳುವುದನ್ನೂ ದನಿ ಹೋಗುವುದನ್ನೂ ಒಟ್ಟಿಗೇ ಕಾಣುತ್ತಾರೆ.

ಬೆಂಗಳೂರಿನ ಫ್ಯೂಷನ್ ವೇದಿಕೆಗಳಲ್ಲಿ ರಾಗವನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡುವವರಿಗೆ ಈ ವಿಚಾರ ಇನ್ನೂ ಹತ್ತಿರದ್ದು, ಏಕೆಂದರೆ ಯಂತ್ರದ ಬುದ್ಧಿ ಪೂರ್ತಿ ಮುಗಿಯುವ ಜಾಗ ರಾಗ. ತೋಡಿಯ ಗಾಂಧಾರ ಒಂದು ಮೆಟ್ಟಿಲಿನ ಮೇಲೆ ನಿಲ್ಲುವುದಿಲ್ಲ, ರಿಷಭ ಮಧ್ಯಮಗಳ ನಡುವೆ ತೂಗುತ್ತಲೇ ಗಾಂಧಾರವೆನಿಸಿಕೊಳ್ಳುತ್ತದೆ. ಹಾಡುವವರಿಗೂ ಕೇಳುವವರಿಗೂ ಅದು ಒಂದೇ ಸ್ವರ. ಯಂತ್ರಕ್ಕೆ ಅದು ಹಾದುಹೋಗುವ ಮೂರು ಸ್ವರ. ಪ್ರತಿಯೊಂದಕ್ಕೂ ಬೇರೆ ಜೋಡಿ ಹುಡುಕುತ್ತ ಜೊತೆದನಿ ಮೆಟ್ಟಿಲಿಂದ ಮೆಟ್ಟಿಲಿಗೆ ನೆಗೆಯತೊಡಗುತ್ತದೆ. ಗಮಕ ಬರುವ ಮೊದಲೇ ಕಾಲು ಎತ್ತಬೇಕು, ಅದು ಬರಲಿದೆ ಎಂದು ಬಲ್ಲವರು ಹಾಡುವವರೊಬ್ಬರೇ. ಬಿಲಹರಿಯದು ಇನ್ನೊಂದು ಬಗೆ. ಅದರ ಆರೋಹಣದಲ್ಲಿ ಮಧ್ಯಮ, ನಿಷಾದಗಳಿಲ್ಲ. ಅವರೋಹಣದಲ್ಲಿ ಏಳೂ ಸ್ವರಗಳಿವೆ. ಒಂದೇ ಸ್ವರಪಟ್ಟಿ ಹಿಡಿದು ಕುಳಿತ ಯಂತ್ರಕ್ಕೆ ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ತಿಳಿಯದು. ಶಂಕರಾಭರಣದ ಪಟ್ಟಿ ಕೊಟ್ಟರೆ ಏರುವಾಗಿನ ರಿಷಭಕ್ಕೂ ಮಧ್ಯಮವನ್ನೇ ಜೋಡಿಸುತ್ತದೆ, ಪಂಚಮಕ್ಕೆ ನಿಷಾದವನ್ನು ತರುತ್ತದೆ, ಬಿಲಹರಿಯ ಏರು ಮುಚ್ಚಿಹೋಗುತ್ತದೆ. ಆರೋಹಣವನ್ನು ಒಂಟಿ ದನಿಗೆ ಬಿಟ್ಟು, ತಾರ ಷಡ್ಜದ ಮೇಲೆ ನಿಂತಾಗ ಪೆಡಲು ಒತ್ತಿ, ನಿಷಾದದಿಂದ ಇಳಿಯುತ್ತ ಬರುವಾಗ ಜೊತೆದನಿಗಳನ್ನೂ ಕೈಹಿಡಿದು ಇಳಿಸಿಕೊಂಡು ಬಂದರೆ ರಾಗದ ಎರಡು ದಾರಿಗಳೂ ಬೇರೆಬೇರೆಯಾಗಿಯೇ ಕೇಳುತ್ತವೆ. ಮತ್ತೆ ಮಧ್ಯ ಷಡ್ಜ ಮುಟ್ಟಿ ಮೇಲಕ್ಕೆ ಹೊರಡುವ ಮುನ್ನ ಪಾದ ಪೆಡಲನ್ನು ಬಿಟ್ಟಿರಬೇಕು.